ಎರಡು ಎಲೆಯನ್ನು ಆರಿಸಿದ ವಕೀಲರು

‘ಮನೆ ಗೆದ್ದು ಮಾರು ಗೆಲ್ಲು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ರಾಜಕಾರಣದಲ್ಲಿ ಈ ಮಾತು ಎಷ್ಟು ಸತ್ಯವೆಂಬುದನ್ನು ತಿಳಿಯಬೇಕಾದರೆ, ಸಣ್ಣ ಊರಿನಲ್ಲಿ ಹುಟ್ಟಿ, ಕಪ್ಪು ಕೋಟು ತೊಟ್ಟು, ಅಲ್ಲಿಂದ ದೆಹಲಿಯ ಸಂಸತ್ ಭವನದವರೆಗೆ ನಡೆದವರ ಜೀವನವನ್ನು ನೋಡಬೇಕು. ಅಂಥವರೊಬ್ಬರ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಅವರು ನಮ್ಮ ನಾಡಿನವರಲ್ಲ, ನೆರೆಯ ತಮಿಳುನಾಡಿನವರು. ಆದರೂ ಅವರ ಕಥೆಯಿಂದ ನಾವು ಕಲಿಯಬೇಕಾದುದು ಬಹಳವಿದೆ.

ಈ ಲೇಖನ ಬರೆಯಲು ಕಾರಣವಾದದ್ದು ನಮ್ಮ ತರಗತಿಯ ಒಂದು ಪ್ರಶ್ನೆ. ಶಾಲಾ ಸಂಘದ ಚುನಾವಣೆಯನ್ನು ಸರ್ಕಾರದ ಚುನಾವಣೆಯ ಮಾದರಿಯಲ್ಲಿಯೇ ನಡೆಸೋಣವೆಂದು ಅಭ್ಯರ್ಥಿಗಳಿಗೆ ಕೊಡೆ, ಗಡಿಯಾರ, ಸೈಕಲ್ಲು ಎಂದು ಚಿಹ್ನೆಗಳನ್ನು ಹಂಚುತ್ತಿದ್ದೆ. ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮಗೆಲ್ಲ ಓದಲು ಬರುತ್ತದಲ್ಲ, ಹೆಸರು ಸಾಲದೆ? ಚಿತ್ರ ಏಕೆ ಬೇಕು?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನನಗೆ ನೆನಪಾದದ್ದು ದಿಂಡಿಗಲ್ ಮತ್ತು ಅಲ್ಲಿನ ವಕೀಲ ಕೆ. ಮಾಯತೇವರ್.

ಆ ಸೀಮೆಯ ಪರಿಚಯ

ದಿಂಡಿಗಲ್ ಎಂದರೆ ಹಲವರಿಗೆ ಬೀಗ ನೆನಪಾಗುತ್ತದೆ. ಅಲ್ಲಿನ ಗಟ್ಟಿ ಬೀಗಗಳಿಗೆ ದಕ್ಷಿಣ ಭಾರತದಲ್ಲೆಲ್ಲ ಹೆಸರಿತ್ತು. ಊರಿನ ಪಕ್ಕದಲ್ಲೇ ಬೃಹತ್ತಾದ ಬಂಡೆ, ಅದರ ಮೇಲೊಂದು ಕೋಟೆ. ಈ ಕೋಟೆಗೂ ನಮಗೂ ಹಳೆಯ ನಂಟುಂಟು. ಮೈಸೂರು ಸಂಸ್ಥಾನದ ಸೇನೆಯಲ್ಲಿದ್ದ ಹೈದರ್ ಅಲಿ 1755ರಲ್ಲಿ ಫೌಜುದಾರನಾಗಿ ನೇಮಕಗೊಂಡದ್ದು ಇದೇ ದಿಂಡಿಗಲ್ಲಿಗೆ. ಅವನ ಏಳಿಗೆಯ ಮೊದಲ ಮೆಟ್ಟಿಲೇ ಅದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ದಿಂಡಿಗಲ್ಲೂ ಸೇರಿತ್ತು.

ದಿಂಡಿಗಲ್ಲಿನಿಂದ ನೈಋತ್ಯಕ್ಕೆ ಹೋದರೆ ಪೆರಿಯಕುಳಂ, ತೇನಿ, ಬೋಡಿನಾಯಕನೂರು; ಇನ್ನೂ ಮುಂದೆ ಪಶ್ಚಿಮ ಘಟ್ಟಗಳ ಮಡಿಲಿನಲ್ಲಿ ಕಂಬಂ ಕಣಿವೆ. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಬೆಟ್ಟದ ಸುರಂಗದೊಳಗಿನಿಂದ ಹಾದು ಬಂದು ಈ ಕಣಿವೆಯನ್ನು ಹಸಿರಾಗಿಸಿದೆ. ಬತ್ತ, ತೆಂಗು, ದ್ರಾಕ್ಷಿ ಇಲ್ಲಿನ ಬೆಳೆಗಳು. ಬೋಡಿನಾಯಕನೂರು ಏಲಕ್ಕಿ ವ್ಯಾಪಾರಕ್ಕೆ ಪ್ರಸಿದ್ಧ. ಈ ಕಣಿವೆಯಲ್ಲಿ ನೆಲೆಸಿರುವ ಕಪ್ಪಿಲಿಯರೆಂಬ ಒಕ್ಕಲು ಜನರ ಮನೆಮಾತು ಕನ್ನಡ. ತಮ್ಮ ಹಿರಿಯರು ಕನ್ನಡ ನಾಡಿನಿಂದ ಬಂದವರೆಂದು ಅವರು ಹೇಳಿಕೊಳ್ಳುತ್ತಾರೆ. ಶಾಲೆಯಲ್ಲಿ, ಸಂತೆಯಲ್ಲಿ, ಕಚೇರಿಯಲ್ಲಿ ತಮಿಳು. ಅಡುಗೆಮನೆಯಲ್ಲಿ ಮಾತ್ರ ಕನ್ನಡ. ಹೀಗೆ ದೂರದ ಊರಾದರೂ ಅದು ನಮಗೆ ಪೂರ್ತಿ ಪರಸ್ಥಳವಲ್ಲ.

ಹಿಂದೆ ಇದೆಲ್ಲ ಮದುರೆ ಜಿಲ್ಲೆಗೆ ಸೇರಿತ್ತು. ದಿಂಡಿಗಲ್ ಜಿಲ್ಲೆಯಾದದ್ದು 1985ರಲ್ಲಿ, ತೇನಿ ಜಿಲ್ಲೆಯಾದದ್ದು 1996ರಲ್ಲಿ.

ಹುಟ್ಟಿದ ನೆಲ

ಮಾಯತೇವರ್ ಅವರು ಹುಟ್ಟಿದ್ದು 1930ರ ದಶಕದಲ್ಲಿ, ಉಸಿಲಂಪಟ್ಟಿಯ ಬಳಿಯ ಉತ್ತಪ್ಪನಾಯಕನೂರಿನಲ್ಲಿ. ಮದುರೆಯಿಂದ ತೇನಿಗೆ ಹೋಗುವ ದಾರಿಯಲ್ಲಿ ಉಸಿಲಂಪಟ್ಟಿ ಸಿಗುತ್ತದೆ. ಆ ಕಾಲದಲ್ಲಿ ಆ ನೆಲದ ಸ್ಥಿತಿ ಹೇಗಿತ್ತೆಂಬುದನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟು ಕಾಯಿದೆ ಎಂಬ ಒಂದು ಕಾನೂನನ್ನು ಮಾಡಿತ್ತು. ಅದರ ಪ್ರಕಾರ ಒಂದು ಜಾತಿಯಲ್ಲಿ ಹುಟ್ಟಿದ ಮಾತ್ರಕ್ಕೇ ಮನುಷ್ಯನನ್ನು ಅಪರಾಧಿಯೆಂದು ಪಟ್ಟಿಗೆ ಸೇರಿಸಬಹುದಾಗಿತ್ತು. ಬೆರಳಚ್ಚು ಕೊಡಬೇಕು, ಊರು ಬಿಟ್ಟು ಹೋಗಬೇಕಾದರೆ ಅಪ್ಪಣೆ ಪಡೆಯಬೇಕು, ಕೆಲವರು ರಾತ್ರಿ ಪೊಲೀಸರ ಕಣ್ಣೆದುರಿಗೇ ಮಲಗಬೇಕು. ಉಸಿಲಂಪಟ್ಟಿ ಸೀಮೆಯ ಕಳ್ಳರ್ ಜನರ ಮೇಲೆ ಈ ಕಾನೂನು ಹೇರಲ್ಪಟ್ಟಿತು. 1920ರ ಏಪ್ರಿಲ್ 3ರಂದು ಅಲ್ಲಿನ ಪೆರುಂಗಾಮನಲ್ಲೂರಿನ ಜನರು ಇದನ್ನು ಪ್ರತಿಭಟಿಸಿದಾಗ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಮದರಾಸು ಪ್ರಾಂತದಲ್ಲಿ ಆ ಕಾನೂನು ರದ್ದಾದದ್ದು 1947ರಲ್ಲಿ.

ಈಗ ಯೋಚಿಸಿ. ಕಾನೂನು ಎಂದರೆ ಪೊಲೀಸ್ ಠಾಣೆಯ ದಪ್ಪ ಪುಸ್ತಕ ಎಂದು ಮಾತ್ರ ಜನರು ಅರಿತಿದ್ದ ಸೀಮೆ ಅದು. ಅಲ್ಲಿ ಬೆಳೆದ ಹುಡುಗನೊಬ್ಬ ಅದೇ ಕಾನೂನನ್ನು ಓದಿ ವಕೀಲನಾದನು. ಇದು ಸಾಮಾನ್ಯ ಸಂಗತಿಯಲ್ಲ. ಹೆದರಬೇಕಾದ ಕಾನೂನು ಬಳಸಬಹುದಾದ ಕಾನೂನು ಆದದ್ದು ವಿದ್ಯೆಯಿಂದ.

ವಕೀಲರೇ ಏಕೆ?

ನಮ್ಮ ದೇಶದ ರಾಜಕಾರಣದಲ್ಲಿ ವಕೀಲರ ಸಂಖ್ಯೆ ಏಕೆ ಹೆಚ್ಚು ಎಂಬುದನ್ನು ಇಲ್ಲಿಯೇ ವಿಚಾರಿಸಬಹುದು. ಸಣ್ಣ ಊರಿನ ವಕೀಲನ ಬಳಿಗೆ ಎಲ್ಲ ಬಗೆಯ ಜನರೂ ಬರುತ್ತಾರೆ. ಹೊಲದ ಬದುವಿನ ಜಗಳ, ನೀರಿನ ಸರದಿ, ಅಣ್ಣತಮ್ಮಂದಿರ ಪಾಲು, ಸಾಲದ ಪತ್ರ ಇವೆಲ್ಲ ಅವನ ಮೇಜಿನ ಮೇಲೆ ಬಂದು ಬೀಳುತ್ತವೆ. ಊರಿನ ನಾಡಿ ಅವನಿಗೆ ಸಿಗುತ್ತದೆ. ನಾಲ್ಕು ಜನರೆದುರು ನಿಂತು ತಡವರಿಸದೆ ಮಾತನಾಡುವುದು ಅವನ ದಿನದ ಕಸುಬು. ತನ್ನ ಕೆಲಸದ ಹೊತ್ತನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವೂ ಉಂಟು.

ನಮ್ಮ ನಾಡಿನಲ್ಲೂ ಇದಕ್ಕೆ ನಿದರ್ಶನಗಳಿವೆ. ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ನಡೆಸುತ್ತಿದ್ದವರು. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಬಿ. ಡಿ. ಜತ್ತಿಯವರು ಜಮಖಂಡಿಯಂಥ ಸಣ್ಣ ಊರಿನಲ್ಲಿ ವಕೀಲರಾಗಿದ್ದು, ಪುರಸಭೆಯಿಂದ ತೊಡಗಿ ಮುಖ್ಯಮಂತ್ರಿ, ರಾಜ್ಯಪಾಲ, ಉಪರಾಷ್ಟ್ರಪತಿ ಎಂದು ಒಂದೊಂದೇ ಮೆಟ್ಟಿಲು ಹತ್ತಿದರು. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಇವರಿಬ್ಬರೂ ಮೆಟ್ಟಿಲು ಮೆಟ್ಟಿಲಾಗಿ ಏರಿದವರು. ಮಾಯತೇವರ್ ಅವರದು ಬೇರೆ ದಾರಿ. ಒಂದೇ ಒಂದು ಚುನಾವಣೆ ಅವರನ್ನು ದೇಶದ ಕಣ್ಣಿಗೆ ತಂದಿತು.

1973ರ ಉಪಚುನಾವಣೆ

1971ರಲ್ಲಿ ತಮಿಳುನಾಡಿನಲ್ಲಿ ಡಿ.ಎಂ.ಕೆ. ಪಕ್ಷದ ಬಲ ಅಪಾರವಾಗಿತ್ತು. ವಿಧಾನಸಭೆಯ 234 ಸ್ಥಾನಗಳಲ್ಲಿ 184 ಅದರ ಕೈಯಲ್ಲಿದ್ದವು. ಎಂ. ಕರುಣಾನಿಧಿ ಮುಖ್ಯಮಂತ್ರಿ. ಚಲನಚಿತ್ರ ನಟ ಎಂ. ಜಿ. ರಾಮಚಂದ್ರನ್ ಆ ಪಕ್ಷದ ಖಜಾಂಚಿ. ಪಕ್ಷದ ಲೆಕ್ಕಪತ್ರ, ನಾಯಕರ ಆಸ್ತಿಪಾಸ್ತಿ ಇವುಗಳ ವಿಚಾರದಲ್ಲಿ ರಾಮಚಂದ್ರನ್ ಬಹಿರಂಗವಾಗಿ ಪ್ರಶ್ನೆ ಎತ್ತಿದರು. 1972ರ ಅಕ್ಟೋಬರಿನಲ್ಲಿ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ಅದೇ ತಿಂಗಳ 17ರಂದು ಅವರು ಅಣ್ಣಾ ಡಿ.ಎಂ.ಕೆ. ಎಂಬ ಹೊಸ ಪಕ್ಷವನ್ನು ಕಟ್ಟಿದರು.

ಹೊಸ ಪಕ್ಷಕ್ಕೆ ಜನಬೆಂಬಲವುಂಟೇ? ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆಯುವವರೆಲ್ಲ ಮತಗಟ್ಟೆಗೆ ಬರುತ್ತಾರೆಯೇ? ಎಲ್ಲರ ಮನಸ್ಸಿನಲ್ಲೂ ಇದೇ ಪ್ರಶ್ನೆ. ಅಷ್ಟರಲ್ಲಿ ದಿಂಡಿಗಲ್ಲಿನ ಲೋಕಸಭಾ ಸದಸ್ಯರಾಗಿದ್ದ ಡಿ.ಎಂ.ಕೆ.ಯ ಎಂ. ರಾಜಾಂಗಂ ಅವರು ತೀರಿಕೊಂಡಿದ್ದರಿಂದ ಆ ಸ್ಥಾನ ತೆರವಾಗಿತ್ತು. 1973ರ ಮೇ 20ರಂದು ಮತದಾನ ಎಂದು ನಿರ್ಧಾರವಾಯಿತು.

ಉಪಚುನಾವಣೆಯೆಂದರೆ ಒಂದು ಸ್ಥಾನಕ್ಕೆ ನಡೆಯುವ ಚುನಾವಣೆ. ಅದರಿಂದ ಸಾಮಾನ್ಯವಾಗಿ ಸರ್ಕಾರ ಬದಲಾಗದು. ಆದರೆ ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ತಮಿಳುನಾಡಿನ ಒಂದು ಲೋಕಸಭಾ ಕ್ಷೇತ್ರವೆಂದರೆ ಆರು ವಿಧಾನಸಭಾ ಕ್ಷೇತ್ರಗಳಷ್ಟು ದೊಡ್ಡದು. ಆದುದರಿಂದ ದಿಂಡಿಗಲ್ ಎಲ್ಲರ ಪಾಲಿಗೆ ಆ ಅಗುಳಾಯಿತು.

ಹೊಸ ಪಕ್ಷ ಅಭ್ಯರ್ಥಿಯನ್ನಾಗಿ ನಿಲ್ಲಿಸಿದ್ದು ವಕೀಲ ಮಾಯತೇವರ್ ಅವರನ್ನು. ರಾಜ್ಯದ ಉದ್ದಗಲಕ್ಕೆ ಪರಿಚಿತವಾಗಿದ್ದ ಹೆಸರು ಅವರದಲ್ಲ. ಎದುರಿಗೆ ಆಳುವ ಪಕ್ಷದ ಪೊನ್. ಮುತ್ತುರಾಮಲಿಂಗಂ ಮತ್ತು ಕಾಮರಾಜರ ಬೆಂಬಲವಿದ್ದ ಸಂಸ್ಥಾ ಕಾಂಗ್ರೆಸ್ಸಿನ ಎನ್. ಎಸ್. ವಿ. ಚಿತ್ತನ್. ಇಲ್ಲೊಂದು ಸ್ವಾರಸ್ಯವಿದೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಈ ಸಂಸ್ಥಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ನಮ್ಮ ಚಿತ್ರದುರ್ಗದ ವಕೀಲರಾದ ನಿಜಲಿಂಗಪ್ಪನವರೇ!

ಚಿಹ್ನೆ ಬಂದ ಬಗೆ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಆಗ ನೂರಕ್ಕೆ ಹದಿನೆಂಟು ಜನರಿಗೆ ಮಾತ್ರ ಓದುಬರಹ ಬರುತ್ತಿತ್ತು. ಅಕ್ಷರ ಬಾರದವರ ಮತ ವ್ಯರ್ಥವಾಗಬಾರದೆಂದು ಪ್ರತಿ ಪಕ್ಷಕ್ಕೂ ಒಂದು ಚಿತ್ರವನ್ನು ಕೊಟ್ಟರು. ಕಾಂಗ್ರೆಸ್ಸಿಗೆ ಆಗ ಜೋಡಿ ಎತ್ತು. 1968ರಲ್ಲಿ ಚುನಾವಣಾ ಆಯೋಗ ಇದಕ್ಕೊಂದು ಕ್ರಮಬದ್ಧವಾದ ಆದೇಶವನ್ನು ಹೊರಡಿಸಿತು. ಅದರಂತೆ ಮಾನ್ಯತೆ ಪಡೆದ ಪಕ್ಷಕ್ಕೆ ಅದರದೇ ಚಿಹ್ನೆ ಮೀಸಲು. ಅದನ್ನು ಇನ್ನೊಬ್ಬರು ಬಳಸುವಂತಿಲ್ಲ. ಮಾನ್ಯತೆಯಿಲ್ಲದ ಪಕ್ಷದವರೂ ಸ್ವತಂತ್ರರೂ ಉಳಿದ ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳಬೇಕು.

1973ರಲ್ಲಿ ಅಣ್ಣಾ ಡಿ.ಎಂ.ಕೆ. ಏಳು ತಿಂಗಳ ಕೂಸು. ಅದಕ್ಕೆ ಸ್ವಂತ ಚಿಹ್ನೆ ಇರಲಿಲ್ಲ. ಡಿ.ಎಂ.ಕೆ.ಯ ಉದಯಸೂರ್ಯ ಮನೆಮನೆಗೂ ಗೊತ್ತು. ರಾಮಚಂದ್ರನ್ ಅವರೇ ವರ್ಷಾನುಗಟ್ಟಲೆ ಊರೂರು ತಿರುಗಿ ಆ ಸೂರ್ಯನಿಗೆ ಮತ ಕೇಳಿದವರು. ಈಗ ಅದೇ ಜನರಿಗೆ ಸೂರ್ಯನನ್ನು ಮರೆತು ಬೇರೊಂದನ್ನು ನೆನಪಿಡಿ ಎಂದು ಹೇಳಬೇಕಾಗಿತ್ತು. ಪಟ್ಟಿಯಲ್ಲಿದ್ದ ಚಿತ್ರಗಳಲ್ಲಿ ಮಾಯತೇವರ್ ಎರಡು ಎಲೆಯನ್ನು ಆರಿಸಿದರು.

ಈ ಆಯ್ಕೆಯ ಹಿಂದಿನ ಅನುಕೂಲವನ್ನು ನೀವೇ ಕಂಡುಕೊಳ್ಳಬಹುದು. ಒಂದು ಕಾಗದದ ಮೇಲೆ ವಿಮಾನ ಬರೆಯಿರಿ, ಹೊಲಿಗೆ ಯಂತ್ರ ಬರೆಯಿರಿ, ಆಮೇಲೆ ಎರಡು ಎಲೆ ಬರೆಯಿರಿ. ಯಾವುದು ಸುಲಭ? ಎಲೆಗೆ ನಾಲ್ಕು ಗೆರೆ ಸಾಕು. ಸುಣ್ಣ, ಹಸಿರು ಬಣ್ಣ, ಒಂದು ಕುಂಚ ಇದ್ದರೆ ಚಿತ್ರಕಾರನಲ್ಲದವನೂ ಗೋಡೆಯ ಮೇಲೆ ಬರೆದಾನು. ಮಾತಿಲ್ಲದೆ ತಿಳಿಸಬೇಕಾದರೆ ಎರಡು ಬೆರಳು ಎತ್ತಿ ತೋರಿಸಿದರಾಯಿತು. ರೈತನಿಗೆ ಎಲೆಯೆಂದರೇನೆಂದು ವಿವರಿಸಬೇಕಾಗಿಯೇ ಇಲ್ಲ. ತೆರೆದ ವಾಹನದಲ್ಲಿ ಬಂದ ರಾಮಚಂದ್ರನ್ ಎರಡು ಬೆರಳು ಎತ್ತಿದರೆ ಅದೇ ಒಂದು ಭಾಷಣವಾಯಿತು. ಮತದಾನಕ್ಕೆ ಒಂಬತ್ತು ದಿನ ಮೊದಲು, ಮೇ 11ರಂದು, ಅವರ ‘ಉಲಗಂ ಸುಟ್ರುಂ ವಾಲಿಬನ್’ ಚಲನಚಿತ್ರವೂ ತೆರೆಕಂಡು ಜನ ಮುಗಿಬಿದ್ದರು.

ಫಲಿತಾಂಶ ಬಂದಾಗ ನಾಡೇ ಬೆರಗಾಯಿತು. ಮಾಯತೇವರ್ ಅವರಿಗೆ ಸುಮಾರು 2 ಲಕ್ಷ 60 ಸಾವಿರ ಮತಗಳು. ಚಿತ್ತನ್ ಅವರಿಗೆ ಸುಮಾರು 1 ಲಕ್ಷ 19 ಸಾವಿರ. ಆಳುವ ಪಕ್ಷಕ್ಕೆ ಮೂರನೆಯ ಸ್ಥಾನ! ಹೊಸ ಪಕ್ಷದ ಹೆಸರಿನಲ್ಲಿ ನಿಂತು ಲೋಕಸಭೆಗೆ ಆರಿಸಿಬಂದ ಮೊದಲಿಗರೆಂಬ ಹಿರಿಮೆ ಮಾಯತೇವರ್ ಅವರದಾಯಿತು. ಒಬ್ಬ ಅಭ್ಯರ್ಥಿ ಒಂದು ಚುನಾವಣೆಗಾಗಿ ಆರಿಸಿಕೊಂಡ ಚಿತ್ರ ಇಡೀ ಪಕ್ಷದ ಗುರುತಾಗಿ ನಿಂತಿತು. ನಾಲ್ಕು ವರ್ಷಗಳ ನಂತರ, 1977ರ ಜೂನ್ 30ರಂದು, ರಾಮಚಂದ್ರನ್ ಮುಖ್ಯಮಂತ್ರಿಯಾದರು.

ಎಲೆಯೋ, ವ್ಯಕ್ತಿಯೋ?

1977ರ ಮಾರ್ಚಿನ ಮಹಾಚುನಾವಣೆಯಲ್ಲಿ ಮಾಯತೇವರ್ ಎರಡು ಎಲೆಯ ಗುರುತಿನಲ್ಲಿಯೇ ಮತ್ತೆ ದಿಂಡಿಗಲ್ಲಿನಿಂದ ಗೆದ್ದರು. ಇಲ್ಲಿಯವರೆಗೆ ಕಥೆ ನೇರವಾಗಿದೆ. ಮುಂದೆ ತಿರುವು ಬರುತ್ತದೆ.

1980ರ ಜನವರಿಯ ಚುನಾವಣೆಯಲ್ಲಿ ಅವರು ಅದೇ ದಿಂಡಿಗಲ್ಲಿನಲ್ಲಿ ನಿಂತರು; ಆದರೆ ಡಿ.ಎಂ.ಕೆ. ಅಭ್ಯರ್ಥಿಯಾಗಿ, ಉದಯಸೂರ್ಯನ ಗುರುತಿನಲ್ಲಿ! ಯಾವ ಸೂರ್ಯನನ್ನು ಮರೆಸಲೆಂದು ಎಲೆಯನ್ನು ಆರಿಸಿದ್ದರೋ ಆ ಸೂರ್ಯನಿಗೇ ಮತ ಕೇಳಿದರು. ಗೆದ್ದರು ಕೂಡ.

ಇದರಿಂದ ಏನು ತಿಳಿಯಬೇಕು? ಜನರು ಎಲೆಗಿಂತ ವ್ಯಕ್ತಿಯನ್ನೇ ಮೆಚ್ಚಿದರೆಂದು ಅವಸರದಿಂದ ಹೇಳಬಾರದು. ಆ ವರ್ಷ ಡಿ.ಎಂ.ಕೆ.ಯೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸೂ ಕೈಜೋಡಿಸಿದ್ದವು. ಇಡೀ ರಾಜ್ಯದಲ್ಲಿ ಎರಡು ಎಲೆಗೆ ದಕ್ಕಿದ್ದು ಎರಡೇ ಲೋಕಸಭಾ ಸ್ಥಾನ. ಆದರೆ ಕೆಲವೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅದೇ ಮತದಾರರು ಎರಡು ಎಲೆಯನ್ನು ಮತ್ತೆ ಅಧಿಕಾರಕ್ಕೆ ತಂದರು. ದೆಹಲಿಗೆ ಒಂದು ಲೆಕ್ಕ, ಮದರಾಸಿಗೆ ಇನ್ನೊಂದು ಲೆಕ್ಕ. 1984ರಲ್ಲಿ ದಿಂಡಿಗಲ್ ಕ್ಷೇತ್ರ ಕೆ. ಆರ್. ನಟರಾಜನ್ ಅವರ ಮೂಲಕ ಮತ್ತೆ ಎರಡು ಎಲೆಯ ಪಾಲಾಯಿತು. ಓದುಬರಹ ಬಾರದ ಮತದಾರನಿಗೆ ವಿವೇಚನೆಯೂ ಬಾರದೆಂದು ತಿಳಿಯುವವರು ಈ ಅಂಕಿಗಳನ್ನು ನೋಡಬೇಕು.

ಪಕ್ಷ ಬದಲಿಸಿದ್ದು ಸರಿಯೇ ಎಂದು ನೀವು ಕೇಳಬಹುದು. ಗೆದ್ದ ಪಕ್ಷವನ್ನು ನಡುವೆಯೇ ತೊರೆದವರು ಸ್ಥಾನವನ್ನು ಕಳೆದುಕೊಳ್ಳಬೇಕೆಂಬ ಕಾನೂನು ಬಂದದ್ದು 1985ರಲ್ಲಿ, ಸಂವಿಧಾನದ 52ನೆಯ ತಿದ್ದುಪಡಿಯ ಮೂಲಕ. ಅದಕ್ಕೂ ಮೊದಲು ಅಂಥ ತಡೆಯಿರಲಿಲ್ಲ. ಹೊಸ ಚಿಹ್ನೆಯೊಡನೆ ಮತ್ತೆ ಜನರ ಮುಂದೆ ನಿಂತು ಒಪ್ಪಿಗೆ ಪಡೆದದ್ದು ಮಾಯತೇವರ್ ಅವರ ಪರವಾಗಿ ಹೇಳಬಹುದಾದ ಮಾತು. ಒಂದು ಪಕ್ಷಕ್ಕೆ ಮುಖ ಕೊಟ್ಟವರು ಅದನ್ನು ಬಿಟ್ಟು ಎದುರು ನಿಂತದ್ದು ಅವರ ವಿರುದ್ಧವಾಗಿ ಹೇಳಬಹುದಾದ ಮಾತು. ಎರಡನ್ನೂ ತೂಗಿ ನೋಡುವ ಕೆಲಸ ನಿಮ್ಮದು.

ಚಿಹ್ನೆಯ ಮುಂದಿನ ಹಾದಿ

ಆ ಚಿಹ್ನೆಯ ಆಯುಸ್ಸು ಮಾತ್ರ ದೀರ್ಘವಾಯಿತು. ಸ್ವಾರಸ್ಯವೆಂದರೆ ಅದರ ಹಾದಿ ಮತ್ತೆ ಮತ್ತೆ ಈ ಕಣಿವೆಯ ಸೀಮೆಗೇ ಬರುತ್ತದೆ. 1984ರಲ್ಲಿ ರಾಮಚಂದ್ರನ್ ಅಮೆರಿಕದ ಆಸ್ಪತ್ರೆಯಲ್ಲಿದ್ದುಕೊಂಡೇ ಗೆದ್ದದ್ದು ತೇನಿಯ ಬಳಿಯ ಆಂಡಿಪಟ್ಟಿಯಿಂದ. 1987ರಲ್ಲಿ ಅವರು ತೀರಿಕೊಂಡ ಮೇಲೆ ಪಕ್ಷ ಒಡೆಯಿತು. ಎರಡು ಬಣಗಳೂ ಎಲೆ ತಮ್ಮದೆಂದವು. ಆಯೋಗ ಎಲೆಯನ್ನು ಯಾರಿಗೂ ಕೊಡದೆ ತಡೆಹಿಡಿಯಿತು. 1989ರಲ್ಲಿ ಜಯಲಲಿತಾ ಅವರು ಹುಂಜದ ಗುರುತಿನಲ್ಲಿ ಬೋಡಿನಾಯಕನೂರಿನಿಂದ ಗೆದ್ದರು. ಬಣಗಳು ಒಂದಾದ ಬಳಿಕ ಎಲೆ ಮರಳಿ ಬಂದಿತು. 2017ರಲ್ಲಿ ಇದೇ ಜಗಳ ಮರುಕಳಿಸಿ ಎಲೆ ಕೆಲವು ತಿಂಗಳು ಆಯೋಗದ ಬೀರುವನ್ನು ಸೇರಿತು. 2019ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷ ತಮಿಳುನಾಡಿನಲ್ಲಿ ಗೆದ್ದದ್ದು ಒಂದೇ ಒಂದು ಸ್ಥಾನ, ಅದು ತೇನಿ. 2024ರಲ್ಲಿ ತೇನಿಯೂ ಅದರ ಕೈತಪ್ಪಿ ಡಿ.ಎಂ.ಕೆ.ಯ ಪಾಲಾಯಿತು.

ಸೋತವರ ಸಂಗತಿಯನ್ನೂ ಹೇಳದಿದ್ದರೆ ಕಥೆ ಅರ್ಧವಾದೀತು. 1973ರಲ್ಲಿ ಎರಡನೆಯವರಾಗಿ ಉಳಿದ ಚಿತ್ತನ್ ಅವರು ಇಪ್ಪತ್ತಮೂರು ವರ್ಷಗಳ ತರುವಾಯ, 1996ರಲ್ಲಿ, ಅದೇ ದಿಂಡಿಗಲ್ಲಿನಿಂದ ಲೋಕಸಭೆಗೆ ಆರಿಸಿಬಂದರು. 2004 ಮತ್ತು 2009ರಲ್ಲೂ ಗೆದ್ದರು. ಒಮ್ಮೆ ಸೋತ ಊರನ್ನು ಬಿಟ್ಟು ಓಡದಿರುವುದೂ ಒಂದು ಗುಣವೇ.

ಮಾಯತೇವರ್ ಅವರು 2022ರ ಆಗಸ್ಟಿನಲ್ಲಿ, ಎಂಬತ್ತು ವರ್ಷ ದಾಟಿದ ತುಂಬು ವಯಸ್ಸಿನಲ್ಲಿ, ದಿಂಡಿಗಲ್ಲಿನ ಬಳಿಯ ಚಿನ್ನಾಳಪಟ್ಟಿಯಲ್ಲಿ ನಿಧನರಾದರು. ಚಿನ್ನಾಳಪಟ್ಟಿ ಸುಂಗುಡಿ ಸೀರೆಗಳಿಗೆ ಹೆಸರಾದ ನೇಕಾರರ ಊರು. ಮಂತ್ರಿಪದವಿ ಅವರಿಗೆ ದೊರೆಯಲಿಲ್ಲ. ಆದರೆ ತಮಿಳುನಾಡಿನಲ್ಲಿ ಎರಡು ಬೆರಳು ಎತ್ತಿದರೆ ಅದರ ಅರ್ಥವೇನೆಂದು ಇಂದಿಗೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, 1973ರಲ್ಲಿ ಮತ ಹಾಕಲು ಇಪ್ಪತ್ತೊಂದು ವರ್ಷ ತುಂಬಬೇಕಾಗಿತ್ತು. 1989ರಿಂದ ಹದಿನೆಂಟು ಸಾಕು. ಎಂದರೆ ನಿಮ್ಮಲ್ಲಿ ಹತ್ತನೆಯ ತರಗತಿಯವರಿಗೆ ಮೂರು ವರ್ಷವೂ ದೂರವಿಲ್ಲ. ಆ ದಿನ ನಿಮ್ಮೆದುರಿಗೆ ಹೆಸರೂ ಇರುತ್ತದೆ, ಚಿತ್ರವೂ ಇರುತ್ತದೆ. ಓದು ಬಾರದವರಿಗಾಗಿ ಚಿತ್ರ ಬಂದಿತು, ನಿಜ. ಓದು ಬಂದ ಮೇಲೂ ಅದು ಉಳಿದಿದೆ, ಏಕೆಂದರೆ ಒಬ್ಬನ ಹೆಸರಿನ ಹಿಂದೆ ಯಾವ ಪಕ್ಷವಿದೆ, ಯಾವ ಮಾತು ಕೊಡಲಾಗಿದೆ ಎಂಬುದನ್ನು ಅದು ಒಂದು ನೋಟದಲ್ಲಿ ತಿಳಿಸುತ್ತದೆ. ಆದರೆ ಅಷ್ಟನ್ನೇ ತಿಳಿಸುತ್ತದೆ. ಆ ವ್ಯಕ್ತಿ ಎಂಥವನು, ಕೊಟ್ಟ ಮಾತಿನ ಪೈಕಿ ಎಷ್ಟನ್ನು ನಡೆಸಿದನು ಎಂಬುದನ್ನು ಚಿತ್ರ ಹೇಳಲಾರದು. ಅದಕ್ಕೆ ಪತ್ರಿಕೆ ಓದಬೇಕು, ಪ್ರಶ್ನೆ ಕೇಳಬೇಕು, ನೆನಪಿಡಬೇಕು.

ನಮ್ಮ ಶಾಲಾ ಚುನಾವಣೆಯಲ್ಲಿ ಕೊಡೆಯ ಗುರುತಿನವನು ಗೆದ್ದನು. ಕುಡಿಯುವ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ತೊಳೆಸುವೆನೆಂದು ಅವನು ಮಾತು ಕೊಟ್ಟಿದ್ದನು. ಪ್ರಶ್ನೆ ಕೇಳಿದ ಹುಡುಗಿ ಈಗ ಪ್ರತಿ ಸೋಮವಾರ ಹೋಗಿ ತೊಟ್ಟಿಯ ಮುಚ್ಚಳ ತೆಗೆದು ನೋಡುತ್ತಾಳೆ. ಪ್ರಜಾಪ್ರಭುತ್ವಕ್ಕೆ ಬೇಕಾಗಿರುವುದು ಇಂಥ ಮತದಾರರೇ.